ವಪೆಯ ಕೆಳಗಿನ ಗಾಳಿ

ಹೊಟ್ಟೆಶೂಲೆಯೆಂಬುದು ನಮ್ಮ ಕಡೆಯ ಹಳ್ಳಿಗಳಲ್ಲಿ ರೋಗವೆಂದು ಎಣಿಕೆಗೆ ಬರುವುದೇ ಇಲ್ಲ. ಓಮಿನ ಕಷಾಯ, ಸೋಡಾ, ಹೊಕ್ಕುಳಿಗೆ ಎಣ್ಣೆ, ಕೊನೆಗೆ ಅಂಗಡಿಯ ಒಂದು ಗುಳಿಗೆ. ಇಷ್ಟರಲ್ಲಿ ಬಹುತೇಕ ಶೂಲೆಗಳು ಅಡಗಿಬಿಡುವುದರಿಂದ ಈ ಉದಾಸೀನಕ್ಕೆ ಕಾರಣವೂ ಉಂಟು. ಆದರೆ ಇವುಗಳಲ್ಲಿ ಒಂದು ಶೂಲೆ ಬೇರೆಯೇ ಜಾತಿಯದು. ಅದು ಚೂರಿಯಿಂದ ಇರಿದಂತೆ ಒಮ್ಮೆಲೇ ಬರುತ್ತದೆ. ಅದು ಬಂದ ಗಳಿಗೆ ರೋಗಿಗೆ ನೆನಪಿರುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಅಲುಗಿದರೆ ಪ್ರಾಣ ಹೋದಂತಾಗುವುದರಿಂದ ಅವನು ಕದಲದೆ ಬಿದ್ದಿರುತ್ತಾನೆ. ಜಠರದಲ್ಲೋ ಕರುಳಿನಲ್ಲೋ ತೂತು ಬಿದ್ದಾಗ ಆಗುವುದು ಸಾಮಾನ್ಯವಾಗಿ ಹೀಗೆ. ಇದನ್ನು ಕ್ಷ-ಕಿರಣದಿಂದ ಪತ್ತೆಹಚ್ಚುವ ಬಗೆಯನ್ನು, ಕಲಾಶಾಖೆಯ ವಿದ್ಯಾರ್ಥಿಯಾದ ನಾನು ಓದಿ ಕೇಳಿ ತಿಳಿದಷ್ಟು, ಇಲ್ಲಿ ನಿವೇದಿಸುತ್ತೇನೆ. ಬಲ್ಲವರು ತಾಳಿಕೊಳ್ಳಬೇಕು.

ತೂತು ಬೀಳಲು ಕಾರಣಗಳು ಹಲವು. ಜಠರದ ಅಥವಾ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಒಡೆಯುವುದು ಅವುಗಳಲ್ಲಿ ಮುಖ್ಯವಾದುದು. ಆ ಹುಣ್ಣಿಗೆ ಖಾರವೇ ಮೂಲವೆಂದು ನಮ್ಮವರ ನಂಬಿಕೆ. ಆದರೆ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರನ್ ಎಂಬ ವೈದ್ಯರು 1982ರಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯನ್ನು ಬೆಳೆಸಿ ಹಿಡಿದು, ಹುಣ್ಣುಗಳಿಗೆ ಅದೇ ಪ್ರಮುಖ ಕಾರಣವೆಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಎರಡನೆಯ ಕಾರಣ ನೋವಿನ ಗುಳಿಗೆಗಳು. ಕಬ್ಬು ಕಡಿದು ಸೊಂಟ ಹಿಡಿದವನು ದಿನವೂ ನುಂಗುವ ಗುಳಿಗೆ ಜಠರದ ಒಳಪದರಿನ ರಕ್ಷಣೆಯನ್ನೇ ತಗ್ಗಿಸುತ್ತದೆ. ನಿಪ್ಪಾಣಿಗೆ ಹೆಸರು ತಂದ ತಂಬಾಕೂ ಇಲ್ಲಿ ನಿರಪರಾಧಿಯಲ್ಲ. ಸೇದುವವರಲ್ಲಿ ಹುಣ್ಣು ಒಡೆಯುವ ಸಂಭವ ಹೆಚ್ಚು. ವಿಷಮಶೀತಜ್ವರದ ಮೂರನೆಯ ವಾರದ ಸುಮಾರಿಗೆ ಸಣ್ಣಕರುಳಿನ ಕೊನೆಯ ಭಾಗ ತೂತಾಗುವುದೂ ಉಂಟು.

1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರೋಂಟ್ಜೆನ್ನನು ಕಂಡ ಈ ಕಿರಣಗಳನ್ನು ಎಲುಬು ಬಹಳಷ್ಟು ತಡೆಯುತ್ತದೆ, ಮಾಂಸ ಸ್ವಲ್ಪ ತಡೆಯುತ್ತದೆ, ಗಾಳಿ ತಡೆಯುವುದೇ ಇಲ್ಲವೆನ್ನಬಹುದು. ಆದುದರಿಂದ ಚಿತ್ರದಲ್ಲಿ ಎಲುಬು ಬಿಳಿ, ಗಾಳಿ ಕಪ್ಪು. ಹಾಗಾದರೆ ಚಿತ್ರದಲ್ಲಿ ತೂತು ಕಾಣುತ್ತದೆಯೇ? ಇಲ್ಲ. ಕಾಣುವುದು ತೂತಿನಿಂದ ಸೋರಿದ ಗಾಳಿ. ಗೌಂಡಿಯ ರಸಮಟ್ಟವನ್ನು ನೋಡಿರಿ: ಅದರೊಳಗಿನ ಗುಳ್ಳೆ ಯಾವಾಗಲೂ ಎತ್ತರದ ಕಡೆಗೆ ಓಡುತ್ತದೆ. ಹೊಟ್ಟೆಯೊಳಗೆ ಸೋರಿದ ಗಾಳಿಯ ಸ್ವಭಾವವೂ ಅದೇ. ರೋಗಿಯನ್ನು ನೆಟ್ಟಗೆ ಕೂರಿಸಿದರೆ ಅದು ಮೇಲೇರಿ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಕೆಳಗೆ ನಿಲ್ಲುತ್ತದೆ. ಬಲಗಡೆ ವಪೆಗೂ ಯಕೃತ್ತಿಗೂ ನಡುವೆ ಕಪ್ಪು ಕುಡಗೋಲಿನಂತೆ ಅದು ಸ್ಪಷ್ಟವಾಗಿ ಕಾಣುತ್ತದೆ. ಎಡಗಡೆ ಜಠರದಲ್ಲಿ ಸಹಜವಾಗಿಯೇ ಗಾಳಿ ಇರುವುದರಿಂದ ಕಣ್ಣು ಮೋಸಹೋಗಬಹುದು.

ಎಲ್ಲ ಗುಟ್ಟೂ ಈ ಕೂರಿಸುವುದರಲ್ಲಿದೆ. ನಮ್ಮ ಗಲ್ಲಿಯ ಹಿರಿಯರೊಬ್ಬರನ್ನು ಒಂದು ರಾತ್ರಿ ಟಂಟಂನಲ್ಲಿ ಮಲಗಿಸಿ ಒಯ್ದಾಗ, ಮೊದಲ ಕಡೆ ಮಲಗಿದ್ದಂತೆಯೇ ಚಿತ್ರ ತೆಗೆದರು, ಏನೂ ಕಾಣಲಿಲ್ಲ. ಬೆಳಗಿನ ಜಾವ ಇನ್ನೊಂದು ಊರಿನಲ್ಲಿ ವೈದ್ಯರು ಅವರನ್ನು ಹತ್ತು ನಿಮಿಷ ಒರಗಿಸಿ ಕೂರಿಸಿ, ಅನಂತರ ಎದೆಯ ಚಿತ್ರ ತೆಗೆಸಿದರು. ಹೊಟ್ಟೆನೋವಿಗೆ ಎದೆಯ ಚಿತ್ರವೇಕೆಂದು ಮನೆಯವರು ಗೊಣಗಿದರು. ಆ ಚಿತ್ರವನ್ನು ನಾನು ನೋಡಿದ್ದೇನೆ: ಉಗುರಿನಂಚಿನಷ್ಟು ತೆಳುವಾದ ಕಪ್ಪು ಗೆರೆ. ಹಿರಿಯರು ಬದುಕಿದರು, ಆದರೆ ಕಳೆದ ಆರು ತಾಸುಗಳಲ್ಲಿ ಹೊಟ್ಟೆಯೊಳಗೆ ನಂಜು ಹರಡಿ, ಅವರು ಆಸ್ಪತ್ರೆ ಬಿಡಲು ತಿಂಗಳೇ ಹಿಡಿಯಿತು. ಕೂರಲಾರದವರನ್ನು ಎಡಮಗ್ಗುಲಾಗಿ ಮಲಗಿಸಿ, ಕಿರಣವನ್ನು ಅಡ್ಡಲಾಗಿ ಹಾಯಿಸುವ ಕ್ರಮವೂ ಇದೆ. ಆಗ ಗಾಳಿ ಯಕೃತ್ತಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ಚಿತ್ರದಲ್ಲಿ ಗಾಳಿ ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ತೂತು ಬಿದ್ದ ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ಮಾತ್ರ ಅದು ಕಾಣುತ್ತದೆ. ಉಳಿದವರಲ್ಲಿ ತೂತು ಬೇಗ ಮುಚ್ಚಿಕೊಂಡಿರಬಹುದು, ಗಾಳಿ ತೀರ ಅಲ್ಪವಾಗಿರಬಹುದು. ಇದರ ವಿರುದ್ಧದ ಭ್ರಮೆಯೂ ಉಂಟು: ಕೆಲವರಲ್ಲಿ ದೊಡ್ಡಕರುಳೇ ಯಕೃತ್ತಿನ ಮೇಲೆ ಹತ್ತಿ ಕುಳಿತು ಸೋರಿದ ಗಾಳಿಯಂತೆ ತೋರುತ್ತದೆ. ಇದನ್ನು 1910ರಲ್ಲಿ ವರ್ಣಿಸಿದ ಕಿಲೈಡಿಟಿಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಸಂಶಯವಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಹೆಚ್ಚು ನಿಖರ. ತೂತಿನ ಶಂಕೆಯಿರುವಾಗ ಬೇರಿಯಂ ಕುಡಿಸಬಾರದು. ಅದು ಹೊಟ್ಟೆಯೊಳಗೆ ಸೋರಿದರೆ ಉರಿಯೂತ ಹೆಚ್ಚುತ್ತದೆ. ನೀರಿನಲ್ಲಿ ಕರಗುವ ದ್ರವಗಳನ್ನೇ ಬಳಸುತ್ತಾರೆ.

ಕಾಗವಾಡ, ಅಥಣಿ, ರಾಯಬಾಗಗಳ ಜನಕ್ಕೆ ಮಿರಜ ಹಳೆಯ ದಾರಿ. ಅಲ್ಲಿ 1894ರಲ್ಲಿ ಡಾಕ್ಟರ್ ವಾನ್ಲೆಸ್ ಆಸ್ಪತ್ರೆ ಸ್ಥಾಪಿಸಿದಂದಿನಿಂದ ಗಡಿಯ ಈಚೆಯ ರೋಗಿಗಳೂ ಆಚೆಗೆ ಹೋದವರೇ. ಚಿಕ್ಕೋಡಿ, ನಿಪ್ಪಾಣಿಗಳವರು ಕೊಲ್ಲಾಪುರಕ್ಕೋ ಬೆಳಗಾವಿಗೋ ಹೋಗುತ್ತಾರೆ. ಆದರೆ ಈ ಸಾದಾ ಚಿತ್ರಕ್ಕೆ ಅಷ್ಟು ದೂರ ಕಾಯಬೇಕಾಗಿಲ್ಲ. ಕ್ಷ-ಕಿರಣ ಯಂತ್ರವಿರುವ ಹತ್ತಿರದ ಊರಿನಲ್ಲೇ ಅದು ಆಗಬಲ್ಲದು, ಮುಂದಿನ ಆಸ್ಪತ್ರೆಗೆ ಸುದ್ದಿ ಮುಟ್ಟಿಸಲೂ ಬಲ್ಲದು. ದಾರಿಯಲ್ಲಿ ರೋಗಿಗೆ ಚಹಾ, ಮಜ್ಜಿಗೆ, ನೀರು ಯಾವುದನ್ನೂ ಕುಡಿಸಬಾರದು. ಕುಡಿದದ್ದು ತೂತಿನಿಂದಲೇ ಹೊರಬೀಳುತ್ತದೆ.

ಹೊಟ್ಟೆಯನ್ನು ತೆರೆದು ತೂತು ಮುಚ್ಚಿದ ಬಳಿಕವೂ ಗಾಳಿ ಕೆಲವು ದಿನ ಒಳಗೆ ಉಳಿದು, ಮೆಲ್ಲಗೆ ರಕ್ತದಲ್ಲಿ ಕರಗಿಹೋಗುತ್ತದೆ. ಎರಡನೆಯ, ಮೂರನೆಯ ದಿನದ ಚಿತ್ರದಲ್ಲಿ ಆ ಕಪ್ಪು ಗೆರೆ ಮತ್ತೆ ಕಂಡರೆ ವೈದ್ಯರು ಅಷ್ಟಕ್ಕೇ ಗಾಬರಿಯಾಗುವುದಿಲ್ಲ.