ಸಾರ್ವೆ ಹತ್ತುವ ಮುನ್ನ

ಬಸಪ್ಪ ರಾಯಚೂರು ಕಡೆಯವನು. ಬೆಂಗಳೂರಿಗೆ ಬಂದ. ಗಾರೆ ಕೆಲಸಕ್ಕೆ ಸೇರಿದ. ಮೊದಲ ದಿನವೇ ಸಾರ್ವೆ ಹತ್ತಲು ಹೋದ.

“ನಿಲ್ಲಪ್ಪಾ! ಹಗ್ಗ ಬಿಗಿಯಾಗಿದ್ಯಾ ನೋಡಿದ್ಯಾ?” ಎಂದರು ಮೇಸ್ತ್ರಿ.

ಇಬ್ಬರೂ ನೋಡಿದರು. ಒಂದು ಗಂಟು ಸಡಿಲವಾಗಿತ್ತು! ಬಸಪ್ಪನ ಎದೆ ಝಲ್ಲೆಂದಿತು. ಊರಲ್ಲಿದ್ದ ಮಕ್ಕಳು ನೆನಪಾದರು.

ಮೇಸ್ತ್ರಿ ಗಂಟು ಬಿಗಿಸಿದರು. ಆಮೇಲೆ ಹೇಳಿದರು:

“ಹೆಲ್ಮೆಟ್ ಹಾಕ್ಕೋ. ಬೆಲ್ಟ್ ಕಟ್ಕೋ. ಅದರ ಕೊಕ್ಕೆಯನ್ನು ಗಟ್ಟಿ ಆಸರೆಗೆ ಸಿಕ್ಕಿಸು.

ಹಸಿ ಸಿಮೆಂಟು ಚರ್ಮ ಸುಡುತ್ತೆ. ತಾಗಿದ ಕೂಡಲೇ ನೀರಿನಲ್ಲಿ ತೊಳ್ಕೋ.

ಕರೆಂಟ್ ಹಿಡಿದವರನ್ನು ಮುಟ್ಟಬೇಡ. ಮೊದಲು ಮೇನ್ ಸ್ವಿಚ್ ಆರಿಸು. 108ಕ್ಕೆ ಫೋನ್ ಮಾಡು.

90 ದಿನ ಕೆಲಸ ಆದ ಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸು.”

ಓದಿ, ಬರೆಯಿರಿ: ಸಾರ್ವೆ, ಹಗ್ಗ, ಗಂಟು, ಬೆಲ್ಟ್.

ಯೋಚಿಸಿ ಹೇಳಿ: ನಿಮ್ಮ ಸಾರ್ವೆಯ ಗಂಟನ್ನು ಇವತ್ತು ಯಾರು ನೋಡಿದರು?