ಜಾಕ್ ನಂಬಿ ಕಾರಿನಡಿ ನುಗ್ಗಬೇಡಿ

ಭದ್ರಾವತಿಯಲ್ಲಿ ಸ್ಪ್ಯಾನರ್ ಹಿಡಿಯಲು ಬಾರದವರು ಕಡಿಮೆ. 1923ರಲ್ಲೇ ಕಬ್ಬಿಣದ ಕಾರ್ಖಾನೆ ಶುರುವಾದ ಊರು, ಕೇಳಬೇಕೇ! ಶಿವಮೊಗ್ಗದಲ್ಲೂ ಭಾನುವಾರ ಬಂತೆಂದರೆ ಮನೆಯಂಗಳದಲ್ಲೇ ಆಯಿಲ್ ಬದಲಿಸುವ ಹುಡುಗರಿದ್ದಾರೆ. ಮಾಡಿ, ಒಳ್ಳೆಯದೇ. ಆದರೆ ಡಿಕ್ಕಿಯಲ್ಲಿರುವ ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗಬೇಡಿ.

ಆ ಜಾಕ್ ಇರುವುದು ಸ್ಟೆಪ್ನಿ ಹಾಕಲು, ಅಷ್ಟೇ. ಹೈಡ್ರಾಲಿಕ್ ಜಾಕ್ ಆದರೂ ಒಳಗಿನ ಸೀಲ್ ಸೋರಿದರೆ ಕಾರು ಕೆಳಗಿಳಿಯುತ್ತದೆ. ಕಾರೆತ್ತಿದ ಮೇಲೆ ಎರಡು ಜಾಕ್ ಸ್ಟ್ಯಾಂಡ್ ಕೊಡಿ. ಜಂಬಿಟ್ಟಿಗೆ ಕಲ್ಲೋ ಸಿಮೆಂಟ್ ಬ್ಲಾಕೋ ಇಟ್ಟರೆ ಸಾಲದೇ ಅನ್ನಬೇಡಿ. ಅವು ಸುಳಿವೇ ಕೊಡದೆ ಸೀಳಬಹುದು. ನಮ್ಮ ಮಳೆಗಾಲದ ಮಣ್ಣಂತೂ ಜಾಕನ್ನೇ ನುಂಗುತ್ತದೆ. ಗಟ್ಟಿ, ಸಮತಟ್ಟಾದ ಕಾಂಕ್ರೀಟ್ ನೆಲವಿದ್ದರೆ ಮಾತ್ರ ಎತ್ತಿ. ಹಿಂದಿನ ಚಕ್ರ ಎತ್ತಿದಾಗ ಹ್ಯಾಂಡ್‌ಬ್ರೇಕ್ ನೆಚ್ಚಬೇಡಿ. ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ.

ಮಳೆಯೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸುವುದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಪ್ರಾಣ ಮಾತ್ರ ತೆಗೆಯುತ್ತದೆ. ರೇಡಿಯೇಟರ್ ಬಿಸಿಯಿದ್ದಾಗ ಮುಚ್ಚಳ ತೆಗೆಯಬೇಡಿ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಅದು ಕೊನೆಗೆ.

ಬ್ರೇಕ್ ಕೆಲಸ ಪೂರ್ತಿ ಗೊತ್ತಿಲ್ಲವೆಂದರೆ ಕೈಹಾಕದೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನ ಮೆಕ್ಯಾನಿಕ್‌ಗಳಿಗೆ ಬಿಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಹಾಂ, ಕಾರಿನಡಿ ಹೋಗುವ ಮುಂಚೆ ಮನೆಯಲ್ಲಿ ಯಾರಿಗಾದರೂ ಒಂದು ಮಾತು ಹೇಳಿ ಹೋಗಿ.