ಬಿಗಿ ಎಂಜಿನ್‌ಗೆ ಬಲ ಮದ್ದಲ್ಲ

ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಕಾರಿನ ಎಂಜಿನ್ ಕಟ್ಟಿದ್ದೀರಿ. ಈಗ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಕ್ರ್ಯಾಂಕ್ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ‘ಹೊಸದಲ್ವಾ, ಓಡ್ತಾ ಓಡ್ತಾ ಸಡಿಲ ಆಗತ್ತೆ’ ಎಂದುಕೊಂಡು ಹಗ್ಗ ಕಟ್ಟಿ ಎಳೆಸಲು ಹೋಗಬೇಡಿ. ಹೊಸ ರಿಂಗಿನಿಂದ ತುಸು ಬಿಗಿ ಇರುವುದು ಸಹಜ. ಕೈಗೆ ಜಗ್ಗದಷ್ಟು ಬಿಗಿ ಸಹಜವಲ್ಲ.

ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ತಿರುಗಿಸಿ. ಕಂಪ್ರೆಷನ್, ಸಿಲಿಂಡರಿನಲ್ಲಿ ನಿಂತ ಎಣ್ಣೆ ಎರಡರ ಅನುಮಾನವೂ ಕಳೆಯುತ್ತದೆ. ಒಂದೇ ಜಾಗದಲ್ಲಿ ಟಕ್ಕೆಂದು ನಿಂತರೆ ಬಲ ಹಾಕಬೇಡಿ. ಟೈಮಿಂಗ್ ತಪ್ಪಿ ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು.

ಸುತ್ತೆಲ್ಲ ಬಿಗಿಯಾಗಿದ್ದರೆ ಬೇರಿಂಗ್ ಕ್ಯಾಪುಗಳ ಕಡೆ ನೋಡಿ. ಒಂದರ ಜಾಗಕ್ಕೆ ಇನ್ನೊಂದು ಹೋಗಿದೆಯೇ? ಬಾಣದ ಗುರುತು ಹಿಂದುಮುಂದಾಗಿದೆಯೇ? ಬೇರಿಂಗ್ ಹಿಂದೆ ಕಸ ಸಿಕ್ಕಿದೆಯೇ? ಬೇರಿಂಗ್ ಸೈಜು ಕ್ರ್ಯಾಂಕಿನ ಅಳತೆಗೆ ಸರಿಯಾಗಿದೆಯೇ? ಕ್ಯಾಪುಗಳನ್ನು ಒಂದೊಂದಾಗಿ ಸಡಿಲಿಸಿ ತಿರುಗಿಸಿ. ಯಾವುದನ್ನು ಸಡಿಲಿಸಿದಾಗ ಹಗುರಾಯಿತೋ, ಕಳ್ಳ ಅಲ್ಲೇ ಇದ್ದಾನೆ. ಕ್ಯಾಪನ್ನು ಉಜ್ಜಿ ಸರಿಮಾಡುವ ಜಾಣತನ ಮಾತ್ರ ಬೇಡ.

ಇನ್ನು ಮುಂದೆ ಒಂದೊಂದು ಕ್ಯಾಪ್ ಬಿಗಿದಾಗಲೂ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲ ಕಟ್ಟಿಯಾದ ಮೇಲೆ ಮತ್ತೆ ಬಿಚ್ಚುವ ಪಾಡು ತಪ್ಪುತ್ತದೆ.